ಜೀಪು ಚಾಲೂ ಇತ್ತು

ಅಥವಾ ಪುಸ್ತಕ ಕೊಡುವಾಗ ಹಂಪಮ್ಮ "ಇಟ್ಕಳ್ರಿ" ಎಂದೇ ಅಂದಿರಬೇಕು. ಇಷ್ಟು ವರ್ಷ "ಇಟ್ಟಿರ್ರಿ" ಎಂದರು ಅಂತಲೇ ಹೇಳಿಕೊಂಡು ಬಂದಿದ್ದೇನೆ. ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಹಾಗೇ ಹೇಳಿದೆ, ಜನ ನಕ್ಕರು. ಜನ ನಕ್ಕ ಮೇಲೆ ನೆನಪು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದೆಲ್ಲ ನಿಜವಲ್ಲ. ಕುರುಗೋಡಿನ ಅವರ ಮನೆಯ ಮುಂದೆ ಒಂದು ಬೇವಿನ ಮರ ಇತ್ತು ಎಂದೂ ಹೇಳುತ್ತಿದ್ದೆ. ಮೊನ್ನೆ ಹೋಗಿ ನೋಡಿದರೆ ಮರವೂ ಇಲ್ಲ, ಬುಡವೂ ಇಲ್ಲ. ಅಲ್ಲಿ ಎಂದೂ ಮರವೇ ಇರಲಿಲ್ಲ ಎಂದರು ಎದುರುಮನೆಯವರು. ಇಡೀ ಮರವನ್ನೇ ನೆಟ್ಟವನು ಒಂದು ಕ್ರಿಯಾಪದವನ್ನು ಸುಮ್ಮನೆ ಬಿಟ್ಟಿರುತ್ತೇನೆಯೇ?

"ಇಟ್ಕಳ್ರಿ" ಎಂದರೆ ಇಟ್ಟುಕೊಳ್ಳಿ, ಇನ್ನು ಇದು ನಿಮ್ಮದು. "ಇಟ್ಟಿರ್ರಿ" ಎಂದರೆ ಇಟ್ಟಿರಿ, ನಾನು ಬರುತ್ತೇನೆ. ನಡುವೆ ಇರುವುದು ಎರಡು ಅಕ್ಷರ. ಆ ಎರಡು ಅಕ್ಷರಗಳ ಮೇಲೆ ಒಂದು ವರ್ಷದ ದೇಶನೂರಿನ ಬಯಲಾಟವೇ ನಿಂತಿತ್ತು. ಅದಕ್ಕೆ ಸಾಕ್ಷಿ ನಾನೊಬ್ಬನೇ.

ಗ್ರಂಥಾಲಯ ವಿಜ್ಞಾನದ ಪದವಿ ಹಿಡಿದು ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ, ಸಂಗ್ರಹವನ್ನು ಹೇಗೆ ಬೆಳೆಸಿದಿರಿ ಸಾರ್ ಎಂದು. ಓದುಗರ ಅಗತ್ಯ ತಿಳಿದು, ವಿಷಯತಜ್ಞರ ಸಲಹೆ ಪಡೆದು ಸಂಗ್ರಹ ಬೆಳೆಯುತ್ತದೆಂದು ಅವರ ಪಠ್ಯದಲ್ಲಿದೆ. ಅರವತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಸೇರಿದಾಗ ಸಂಗ್ರಹ ಬೆಳೆಯುತ್ತಿದ್ದದ್ದು ಮಾರ್ಚ್ ತಿಂಗಳಿನಲ್ಲಿ. ವರ್ಷವಿಡೀ ಬಾರದ ಅನುದಾನ ಆ ತಿಂಗಳ ಕೊನೆಗೆ ಬರುತ್ತಿತ್ತು, ಅದರ ಹಿಂದೆಯೇ ಪುಸ್ತಕದ ವ್ಯಾಪಾರಿ ಬರುತ್ತಿದ್ದ. ಪ್ರಾಂಶುಪಾಲರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಕಪಾಟು ಖಾಲಿ ಇವೆ? ನಾವು ಮೊಳ ಹಾಕಿ ಹೇಳುತ್ತಿದ್ದೆವು, ವ್ಯಾಪಾರಿ ಮೊಳ ಹಾಕಿ ಕೊಡುತ್ತಿದ್ದ. ಹೀಗಾಗಿ, ನೆರಳಿನಲ್ಲಿ ನಿಂತರೂ ಬೆವರುವ ನಮ್ಮೂರಿನಲ್ಲಿ, ಹಿಮ ಬಿದ್ದ ರಸ್ತೆಯನ್ನು ಗುದ್ದಲಿಯಿಂದ ತೆರವು ಮಾಡುವ ವಿಧಾನದ ಬಗ್ಗೆ ಸಚಿತ್ರ ಗ್ರಂಥವೊಂದಿತ್ತು. ಯಾರೂ ಮುಟ್ಟದ್ದರಿಂದ ಅದು ಕೊನೆಯವರೆಗೂ ಹೊಸದಾಗಿಯೇ ಉಳಿಯಿತು. ಬಂದ ತನಿಖಾ ಸಮಿತಿಗಳೆಲ್ಲ ನಮ್ಮ ನಿರ್ವಹಣೆಯನ್ನು ಮೆಚ್ಚಿದವು.

ದಾನದ ಕಥೆ ಬೇರೆ. ಬಂದ ದಾನವನ್ನು ಬೇಡ ಎನ್ನಲು ಮೇಲಿನವರ ಅನುಮತಿ ಬೇಕಿತ್ತು. ಬೇಕು ಎನ್ನಲು ಒಂದು ಮೊಹರು ಸಾಕಿತ್ತು. ಆದ್ದರಿಂದ ನಾವು ಯಾವುದನ್ನೂ ಬೇಡ ಎನ್ನಲಿಲ್ಲ. ಸಿರುಗುಪ್ಪದ ಒಬ್ಬ ವಕೀಲರು ಮದರಾಸು ಆಡಳಿತದ ಕಾಲದ ತೀರ್ಪುಗಳ ದಪ್ಪ ಸಂಪುಟಗಳನ್ನು ಎತ್ತಿನ ಗಾಡಿಯಲ್ಲಿ ಕಳಿಸಿದರು. ಪ್ರತ್ಯೇಕ ಕೋಣೆ, ಬಾಗಿಲ ಮೇಲೆ ಹೆಸರು, ಒಳಗೆ ತಮ್ಮ ಭಾವಚಿತ್ರ ಎಂಬುದು ಅವರ ಷರತ್ತು. ಕೋಣೆ ಕೊಟ್ಟೆವು. ಸಂಪುಟಗಳ ಜೊತೆ ಬಂದಿದ್ದ ಗೆದ್ದಲು ಮೊದಲು ತೀರ್ಪುಗಳನ್ನು ಮುಗಿಸಿ, ಆಮೇಲೆ ಭಾವಚಿತ್ರದ ಚೌಕಟ್ಟಿಗೆ ಕೈ ಹಾಕಿತು. ವಕೀಲರು ನೋಡಲು ಬಂದಾಗ ಚೌಕಟ್ಟಿಲ್ಲದೆ ಗೋಡೆಗೆ ಮೊಳೆ ಹೊಡೆಸಿಕೊಂಡು ನಿಂತಿದ್ದರು. ಚಿತ್ರದಲ್ಲಿ, ಅಂದರೆ.

ಮೊಹರಿನ ವಿಷಯ ಹೇಳಬೇಕು. ಮೊದಲು ಇಂಗ್ಲಿಷಿನವು ಇದ್ದವು. ನಾನು ಅದೇ ಊರಿನಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯಕ್ಕೆ ಬರುವ ಹೊತ್ತಿಗೆ ಎಲ್ಲವೂ ಕನ್ನಡದಲ್ಲಿರಬೇಕೆಂಬ ಆದೇಶ ಬಂದು ಮೂರು ರಬ್ಬರಿನ ಮೊಹರುಗಳನ್ನು ಮಾಡಿಸಿದ್ದರು: ಖರೀದಿ, ವಿನಿಮಯ, ದಾನ. ಜಗತ್ತಿನ ಯಾವ ಪುಸ್ತಕವಾದರೂ ಈ ಮೂರು ಬಾಗಿಲಲ್ಲಿ ಒಂದರಿಂದ ಒಳಗೆ ಬರಬೇಕು. ಹೊರಗೆ ಹೋಗಲು ಬಾಗಿಲು ಎರಡೇ, ಒಂದು ಕಳವು, ಇನ್ನೊಂದು ಗೆದ್ದಲು. ಸುಮ್ಮನೆ ಇಟ್ಟು ಹೋದದ್ದಕ್ಕೆ ಮೊಹರು ಇರಲಿಲ್ಲ.

ಅಲ್ಲಿ ನನ್ನ ಮೇಲಧಿಕಾರಿ ವೆಂಕಟೇಶಾಚಾರ್ ಎಂಬ ಗ್ರಂಥಪಾಲಕರು. ಮೈಸೂರಿನ ಕಡೆಯವರು. ಈ ಜಿಲ್ಲೆಯ ಜನ ಹುಟ್ಟುವಾಗಲೇ ಎತ್ತರದ ದನಿಯಲ್ಲಿ ಹುಟ್ಟುತ್ತಾರೆಂದು ಅವರ ಅಭಿಪ್ರಾಯ. ಅವರಿಗೆ ಮೌನ ಇಷ್ಟ, ಅದಕ್ಕಿಂತ ತಪ್ಪು ಹಿಡಿಯುವುದು ಇಷ್ಟ. ಸೂಚಿಯ ಕಾರ್ಡಿನಲ್ಲಿ ಚುಕ್ಕೆ ಇರಬೇಕಾದಲ್ಲಿ ಅಲ್ಪವಿರಾಮ ಇದ್ದರೆ ಅವರ ಮುಖ ಅರಳುತ್ತಿತ್ತು. ಯಾರಾದರೂ "ಪುಸ್ತಕ ಐತೇನ್ರಿ?" ಎಂದು ಕೇಳಿದರೆ "ಇದೆ" ಎಂದು ಉತ್ತರಿಸುವರು, ಪುಸ್ತಕವನ್ನೂ ವ್ಯಾಕರಣವನ್ನೂ ಒಟ್ಟಿಗೆ ಕೊಡುವವರ ಹಾಗೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ವಿಶ್ವವಿದ್ಯಾಲಯಕ್ಕೆ ಜಿಲ್ಲೆಯ ಹಸ್ತಪ್ರತಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಹಸ್ತಪ್ರತಿಗಳಿಗಿಂತ ಮೊದಲು ಅವುಗಳನ್ನು ಇಡುವ ಗಾಜಿನ ಬೀರು ಬಂತು. ಬೀರುವಿನ ಹಿಂದೆ ಅದನ್ನು ನೋಡಲು ಸಮಿತಿ ಬರುವುದೆಂಬ ಪತ್ರ ಬಂತು. ಖಾಲಿ ಬೀರುವನ್ನು ಸಮಿತಿಗೆ ತೋರಿಸುವ ಹಾಗಿರಲಿಲ್ಲ. ಕುರುಗೋಡಿನಲ್ಲಿ ದೊಡ್ಡಬಸಪ್ಪ ಎಂಬ ಬಯಲಾಟದ ಮಾಸ್ತರರು ತೀರಿಕೊಂಡಿದ್ದಾರೆ, ಅವರ ಮನೆಯಲ್ಲಿ ಕೈಬರಹದ ಪುಸ್ತಕವಿದೆ ಎಂದು ನಮ್ಮ ಡ್ರೈವರ್ ಮಾರೆಪ್ಪ ಹೇಳಿದ. ಆಚಾರ್ ಮತ್ತು ನಾನು ಅವನ ಜೀಪಿನಲ್ಲಿ ಹೊರಟೆವು.

ಈ ಜೀಪಿನ ಗುಣ ತಿಳಿದಿರಬೇಕು. ಅದನ್ನು ಆರಿಸಿದರೆ ಮತ್ತೆ ಹೊತ್ತಿಸಲು ನಾಲ್ಕು ಜನ ತಳ್ಳಬೇಕಾಗಿತ್ತು. ಆದ್ದರಿಂದ ಮಾರೆಪ್ಪ ಎಲ್ಲಿ ನಿಲ್ಲಿಸಿದರೂ ಚಾಲೂ ಇಟ್ಟೇ ನಿಲ್ಲಿಸುತ್ತಿದ್ದ. ಆಚಾರ್ ಕೆಳಗಿಳಿಯಲಿಲ್ಲ, ಬಿಸಿಲು. ನಾನು ಮನೆಯ ಕಟ್ಟೆಯವರೆಗೆ ಹೋದೆ. ಮಾಸ್ತರರ ಹೆಂಡತಿ ಹಂಪಮ್ಮ ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

ಇಲ್ಲಿಂದ ನನ್ನ ಬಳಿ ಎರಡು ದೃಶ್ಯಗಳಿವೆ. ಮೊದಲನೆಯದರಲ್ಲಿ ಅವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಮಾಳಿಗೆಯ ಕಡೆ ಕಣ್ಣು ಮಾಡಿ ಏನೋ ಹೇಳಿ, "ಇಟ್ಟಿರ್ರಿ" ಎಂದು ಒಳಗೆ ಹೋಗುತ್ತಾರೆ. ಎರಡನೆಯದರಲ್ಲಿ ಪುಸ್ತಕಕ್ಕೆ ಹಣೆ ಮುಟ್ಟಿಸಿ, ನನ್ನ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು "ಇಟ್ಕಳ್ರಿ" ಎನ್ನುತ್ತಾರೆ. ಎರಡನೆಯದರಲ್ಲಿ ಸೆರಗು ಇರುವುದರಿಂದ ನನಗೆ ಅದರ ಮೇಲೆ ಅನುಮಾನ. ಅದು ಯಾವುದೋ ಸಿನಿಮಾದಿಂದ ಬಂದಿರಬಹುದು. ಮೊದಲನೆಯದರಲ್ಲಿ ಬೇವಿನ ಮರ ಇದೆ. ಎರಡರಲ್ಲೂ ಇರುವುದು ಜೀಪಿನ ಸದ್ದು ಮಾತ್ರ.

ಬಳ್ಳಾರಿಗೆ ಬಂದ ಪುಸ್ತಕಕ್ಕೆ ಮೊಹರು ಬೇಕಲ್ಲ. ಖರೀದಿಯಲ್ಲ, ವಿನಿಮಯವಲ್ಲ, ಉಳಿದದ್ದು ದಾನ. ಮೊಹರು ಮುಖಪುಟಕ್ಕೆ ಬೀಳಬೇಕೆಂದು ನಿಯಮ. ಮಾಸ್ತರರ ಪುಸ್ತಕಕ್ಕೆ ಮುಖಪುಟ ಇರಲಿಲ್ಲ, ಬಯಲಾಟದ ಪದ್ಧತಿಯಂತೆ ನೇರ ಗಣಪತಿಯ ಚಿತ್ರ, ಸ್ತುತಿಯಿಂದ ಶುರುವಾಗಿತ್ತು. ಗಣಪತಿಯ ಹೊಟ್ಟೆಯ ಮೇಲೆ "ದಾನ" ಎಂದು ಬಿತ್ತು. ಒಳಗೆ ಮಾತು ಕನ್ನಡ, ಹಾಡುಗಳು ಅರ್ಧಕ್ಕರ್ಧ ತೆಲುಗು, ಲಿಪಿ ಮಾತ್ರ ಎಲ್ಲಕ್ಕೂ ಕನ್ನಡ. ಇದು ಯಾವ ಭಾಷೆ ರೀ ಎಂದು ಆಚಾರ್ ಕೇಳಿದರು. ಆ ಪ್ರಶ್ನೆ ನಮ್ಮ ಕಡೆ ಯಾರಿಗೂ ಬಂದಿರಲಿಲ್ಲ. ಕಾರ್ಡಿನಲ್ಲಿ "ಭಾಷೆ: ಮಿಶ್ರ" ಎಂದು ಬೆರಳಚ್ಚಾಯಿತು. ಸಮಿತಿ ಬಂತು, ನೋಡಿತು, ಬೀರುವನ್ನು ಹೊಗಳಿತು.

ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಹಂಪಮ್ಮ ಬಂದರು, ಜೊತೆಗೆ ಅಳಿಯ ಈರಣ್ಣ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗಾಜಿನ ಬೀರುವಿಗೆ ಕೈಮುಗಿದು, ಆಚಾರ್ ಎದುರು ನಿಂತರು. ವಿಷಯ ಇಷ್ಟು. ದೊಡ್ಡಬಸಪ್ಪ ಮಾಸ್ತರರು ಪ್ರತಿ ವರ್ಷ ಕೊಯ್ಲಾದ ಮೇಲೆ ದೇಶನೂರಿನಲ್ಲಿ ಆಟ ಆಡಿಸುತ್ತಿದ್ದರು. ಈರಣ್ಣ ಅದೇ ಊರಿನವ, ಮಾವನ ಕೈಯಲ್ಲಿ ಕಲಿತವ. ಈಗ ಅವನೇ ಮಾಸ್ತರ ಆಗಬೇಕು. ಆದರೆ ಆ ಮೇಳದಲ್ಲಿ ಒಂದು ಕಟ್ಟಳೆ: ಆಟದ ಕೈಬರಹದ ಪುಸ್ತಕಕ್ಕೆ ಅವರು ಪ್ರತಿ ಎನ್ನುತ್ತಾರೆ, ಪ್ರತಿ ಯಾರ ಕೈಯಲ್ಲಿದೆಯೋ ಅವರೇ ಮಾಸ್ತರ. ಅದನ್ನು ಪೂಜೆಗೆ ಇಡದೆ ಯಾರೂ ಗೆಜ್ಜೆ ಕಟ್ಟುವುದಿಲ್ಲ. ಈರಣ್ಣನ ಕೈ ಖಾಲಿ. ರಾರಾವಿಯ ಒಬ್ಬ ತರುಣ ಅಚ್ಚಾದ ಪುಸ್ತಕ ತಂದು, ಅರ್ಧ ಸಿನಿಮಾ ಧಾಟಿ ಸೇರಿಸಿ, ಮಾಸ್ತರಿಕೆಗೆ ಕಾದು ಕೂತಿದ್ದಾನೆ. ಪ್ರತಿ ಸಿಗದಿದ್ದರೆ ಮಾಸ್ತರರು ಇಡೀ ಬದುಕು ಕಟ್ಟಿದ ಆಟ ಮನೆಯಿಂದಲೂ ಹೋಗುತ್ತದೆ, ಊರಿನಿಂದಲೂ ಹೋಗುತ್ತದೆ.

ದಾನ ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದಮ್ಮ ಎಂದರು ಆಚಾರ್, ಶಾಸ್ತ್ರವೂ ನಿಯಮವೂ ಒಂದೇ ಎಂಬ ಹಾಗೆ.

"ಕೊಟ್ಟಿಲ್ರೀ ಯಪ್ಪಾ, ಇಟ್ಟೀನಿ. ನಮ್ಮ ಮಾಳಿಗಿ ಸೋರಾಕ ಹತ್ತಿತ್ತು. ನಿಮ್ದು ಗಾಜಿನ ಬೀರು ಅಂದ್ರು, ಇಟ್ಟೆ."

"ಈಗ ಅದು ರಿಜಿಸ್ಟರಿಗೆ ಏರಿದೆ. ಏರಿದ್ದು ಇಳಿಯೋದಿಲ್ಲ."

"ಮರ ಏರಿದ ಮಂಗ್ಯಾನೂ ಇಳಿತೈತಿ, ಯಪ್ಪಾ."

ಆಚಾರ್‌ರ ನಿಯಮಾವಳಿಯಲ್ಲಿ ಮಂಗ ಇರಲಿಲ್ಲ. ಹಂಪಮ್ಮ ನನ್ನ ಕಡೆ ತಿರುಗಿ, ಇವರ ಕೈಗೇ ಕೊಟ್ಟದ್ದಲ್ಲವೇ, ನಾನು ಏನಂದೆ ಎಂದು ಇವರನ್ನೇ ಕೇಳಿ ಎಂದರು. ಇಬ್ಬರೂ ನನ್ನನ್ನು ನೋಡಿದರು. ನನಗೆ ಗೊತ್ತಿದ್ದ ಒಂದೇ ಸತ್ಯವನ್ನು ಹೇಳಿದೆ: "ಜೀಪು ಚಾಲೂ ಇತ್ತು." ಆಮೇಲೆ ಅದು ಆ ಕೇಂದ್ರದಲ್ಲಿ ಗಾದೆಯಾಯಿತು. ಯಾವ ಸಭೆಯಲ್ಲಿ ಯಾರು ಏನು ಒಪ್ಪಿಕೊಂಡರೆಂದು ಕೇಳಿದರೂ ಜನ ಜೀಪು ಚಾಲೂ ಇತ್ತು ಎನ್ನುತ್ತಿದ್ದರು. ಆಚಾರ್ ಅದನ್ನು ಕಡತದಲ್ಲಿ ಗಂಭೀರವಾಗಿ ದಾಖಲಿಸಿದರು: ವಾಹನವು ಚಾಲನೆಯಲ್ಲಿದ್ದ ಕಾರಣ ದಾನಿಯ ಆಶಯವು ಸ್ಪಷ್ಟವಾಗಿ ಕೇಳಿಬಂದಿರುವುದಿಲ್ಲ. ಆದರೂ ದಾನಿ ದಾನಿಯಾಗಿಯೇ ಉಳಿದರು.

ಆಚಾರ್ ನಿರ್ದಯಿಯಲ್ಲ. ದಾರಿ ಹುಡುಕಿದರು. ಸದಸ್ಯನಾಗಿ ಎರವಲು ಪಡೆಯಲು ಈರಣ್ಣ ಸ್ನಾತಕೋತ್ತರ ವಿದ್ಯಾರ್ಥಿಯಾಗಿರಬೇಕು. ಅವನು ದೇಶನೂರಿನ ಸಾಲಿಯಲ್ಲಿ ಕಲಿತಷ್ಟು ಕಲಿತು ಗದ್ದೆಗಿಳಿದವನು. ಬೇರೆ ಗ್ರಂಥಾಲಯಕ್ಕೆ ಎರವಲು ಕೊಡಬಹುದು; ಬಯಲಾಟದ ಮೇಳ ಗ್ರಂಥಾಲಯವಲ್ಲ. ಗೆದ್ದಲು ತಿಂದಿದೆ ಎಂದು ಬರೆದು ತೆಗೆದುಹಾಕಬಹುದು. ಆದರೆ ಬೀರು ಗಾಜು ಮತ್ತು ಉಕ್ಕಿನದು, ಅದರ ಭದ್ರತೆಯನ್ನು ಸಮಿತಿ ಹೊಗಳಿ ಬರೆದಿದೆ. ಕೊನೆಗೆ, ಓದುವ ಕೋಣೆಯಲ್ಲಿ ಕೂತು ನಕಲು ಮಾಡಿಕೊಳ್ಳಯ್ಯಾ ಎಂದರು.

"ಬರಕಂಡ್ರ ಅದು ಪುಸ್ತಕ ಆಗ್ತೈತ್ರಿ ಸಾರ್, ಪ್ರತಿ ಆಗಂಗಿಲ್ಲ" ಎಂದ ಈರಣ್ಣ.

"ಪ್ರತಿ ಅಂದ್ರೇನೇ ನಕಲು ಕಣಯ್ಯಾ."

"ನಿಮ್ಮ ಕಡಿ ಇರಬೇಕ್ರಿ."

ಹಾಗೆಂದರೂ ಅವನು ಬಂದ. ಬಾಲ್‌ಪೆನ್ನು ಮತ್ತು ರಟ್ಟಿನ ಪುಸ್ತಕ ಹಿಡಿದು, ಸಿರುಗುಪ್ಪದಿಂದ ಬಸ್ಸು ಹಿಡಿದು ಹಲವು ದಿನ ಬಂದು, ಮೂಲೆಯ ಮೇಜಿನಲ್ಲಿ ಕೂತು ಬರೆದ. ಬರೆಯುವಾಗ ಬಾಯಿಯಲ್ಲಿ ಹಾಡು ಬರುತ್ತಿತ್ತು. ಆಚಾರ್ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಆಗ ಅವನು ಮೇಜಿನ ಕೆಳಗೆ ಕಾಲಿನಲ್ಲಿ ತಾಳ ಹಾಕುತ್ತಿದ್ದ.

ಆಮೇಲೊಂದು ದಿನ ಮಧ್ಯಾಹ್ನ ದೇಶನೂರಿನ ಮೇಳವೇ ಬಂತು. ಮುಂದೆ ಹಾರ್ಮೋನಿಯಂ ನುಡಿಸುವ ಖಾದರ್‌ಸಾಬರು, ಮೇಳದಲ್ಲಿ ಎಲ್ಲರಿಗಿಂತ ಹಿರಿಯರು; ಹಿಂದೆ ರಾಜರು, ರಾಕ್ಷಸರು, ರಾಣಿಯ ಪಾತ್ರದ ಮೀಸೆಯವನು, ಎಲ್ಲರೂ ಇಸ್ತ್ರಿ ಅಂಗಿಯಲ್ಲಿ. ಖಾದರ್‌ಸಾಬರ ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಅದನ್ನು ಅವರು ಆಚಾರ್ ಮೇಜಿನ ಮೇಲೆ, ಸೂಚಿಯ ಕಾರ್ಡುಗಳ ನಡುವೆ ಇಟ್ಟರು.

"ಆಟದ ಹೊತ್ತು ಬಂತ್ರಿ. ಕರಿಯಾಕ ಬಂದೀವಿ. ಪ್ರತಿ ಯಾರ ಕೈಯಾಗ ಐತೋ ಅವ್ರ ಮಾಸ್ತರ್ರು. ಇಷ್ಟು ವರ್ಸ ದೊಡ್ಡಬಸಪ್ಪ ಮಾಸ್ತರ್ರು, ಈ ವರ್ಸ ನೀವು. ವೀಳ್ಯ ಹಿಡೀರಿ."

ಆಚಾರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನೋಡಿ, ನಾನು ಗ್ರಂಥಪಾಲಕ."

"ಅದ ಅಲ್ರೀ, ಗ್ರಂಥ ಪಾಲಿಸೋದು. ನಮ್ಮ ಕಡಿ ಅದಕ್ಕ ಮಾಸ್ತರಿಕಿ ಅಂತಾರ."

"ನನಗೆ ಕುಣಿಯಕ್ಕೆ ಬರಲ್ಲ ಮಾರಾಯರೇ."

"ಕುಣಿಯೋರು ನಾವು ಅದೀವಿ. ನೀವು ಕುರ್ಚಿ ಮ್ಯಾಲ ಕುಂತು ತಪ್ಪು ಹಿಡದ್ರ ಸಾಕು."

ಖಾದರ್‌ಸಾಬರು ಗೇಲಿ ಮಾಡುತ್ತಿದ್ದರೋ, ಕಟ್ಟಳೆಯನ್ನು ಅಕ್ಷರಶಃ ಪಾಲಿಸುತ್ತಿದ್ದರೋ ನನಗೆ ಇಂದಿಗೂ ತಿಳಿಯದು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಿಂದಿನವರೂ ಗಂಭೀರ. ನಿಯಮಾವಳಿಯ ಮೇಲೆ ನಿಂತ ಮನುಷ್ಯನ ಎದುರು ಅವರು ಇನ್ನೊಂದು ನಿಯಮಾವಳಿಯನ್ನು ತಂದಿಟ್ಟಿದ್ದರು, ಅದೂ ಕಾಯಿ ಸಮೇತ. ಕುರ್ಚಿಯ ಮೇಲೆ ಕೂತು ತಪ್ಪು ಹಿಡಿಯುವುದಕ್ಕೆ ಜಿಲ್ಲೆಯಲ್ಲಿ ಆಚಾರ್‌ಗಿಂತ ಅನುಭವಸ್ಥರು ಸಿಗುತ್ತಿರಲಿಲ್ಲ ಎಂಬುದೂ ನಿಜ. ಅವರು ತಟ್ಟೆಯ ಪಕ್ಕದ ಕಾರ್ಡುಗಳನ್ನು ಸರಿಸಿ, ವೀಳ್ಯ ಹಿಡಿದರು.

ಹಸ್ತಪ್ರತಿ ಗ್ರಂಥಾಲಯವನ್ನು ಬಿಟ್ಟು ಹೋಗಬಾರದು. ಆದರೆ ಗ್ರಂಥಪಾಲಕರ ಸ್ವಂತ ಸುಪರ್ದಿಯಲ್ಲಿದ್ದರೆ ಅದು ಗ್ರಂಥಾಲಯದಲ್ಲೇ ಇದ್ದಂತೆ. ಈ ಅರ್ಥ ನಿಯಮದಲ್ಲಿ ಮೊದಲಿನಿಂದ ಇತ್ತಂತೆ, ಅಂದು ಅವರ ಕಣ್ಣಿಗೆ ಬಿತ್ತು. "ಹಸ್ತಪ್ರತಿಯ ಬಳಕೆಯ ಕ್ಷೇತ್ರ ಪರಿಶೀಲನೆ" ಎಂದು ಟಿಪ್ಪಣಿ ಬರೆದು, ಕೆಂಪು ವಸ್ತ್ರದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪು ಹತ್ತಿದರು. ನನಗೆ ಕಚೇರಿ ನೋಡಿಕೊಳ್ಳಲು ಹೇಳಿದರು. ಹಾಗಾಗಿ ದೇಶನೂರಿನಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ.

ಮಾರೆಪ್ಪನ ಪ್ರಕಾರ ಸಾಹೇಬರಿಗೆ ರುಮಾಲು ಸುತ್ತಿ ಹಾರ ಹಾಕಿದರು. ಅವರು ಮೊದಲು ಒಬ್ಬ ರಾಕ್ಷಸನ ಉಚ್ಚಾರ ತಿದ್ದಿದರು. ಆಮೇಲೆ ತಿದ್ದುವುದನ್ನು ಬಿಟ್ಟು ತೊಡೆ ತಟ್ಟತೊಡಗಿದರು. ಬೆಳಗಾದ ಮೇಲೆ ಬಣ್ಣ ತೊಳೆಯದ ರಾಕ್ಷಸರೇ ಜೀಪು ತಳ್ಳಿದರು. ಖಾದರ್‌ಸಾಬರ ಪ್ರಕಾರ ಮೈಸೂರಿನ ಮಾಸ್ತರರು ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಕೈಯಲ್ಲಿದ್ದ ಪ್ರತಿ ಜಾರಿದಾಗ ಈರಣ್ಣ ಹಿಡಿದುಕೊಂಡ. ಆಚಾರ್‌ರ ಪ್ರಕಾರ, "ಆಯ್ತು." ಅಷ್ಟೇ ಹೇಳಿದರು. ಆ ವಾರ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದಾಗ ಅವರು "ಮೇಜಿನ ಮ್ಯಾಲ ಐತಿ" ಎಂದರು ಎಂದು ನನಗೆ ನೆನಪು. ಇದನ್ನು ನಾನೇ ಸೇರಿಸಿರಬಹುದು.

ಪ್ರತಿ ಮರಳಿ ಬಂತು, ಅಂದರೆ ಗಂಟು ಮರಳಿ ಬಂತು. ಅದೇ ಕೆಂಪು ವಸ್ತ್ರ, ಮೇಲೆ ಅರಿಶಿನ ಹಚ್ಚಿದ ದಾರದ ಬಿಗಿ ಗಂಟು. ಆಟ ಮುಗಿದ ಮೇಲೆ ಮಾಸ್ತರ ಪ್ರತಿಗೆ ಗಂಟು ಹಾಕುತ್ತಾನೆ, ಹಾಕಿದ ಕೈಯೇ ಬಿಚ್ಚಬೇಕು ಎಂದು ಅವರಿಗೆ ಅಲ್ಲಿ ಹೇಳಿದ್ದರಂತೆ. ಆಚಾರ್ ಅದನ್ನು ಬೀರುವಿನಲ್ಲಿಟ್ಟು, ಗಂಟು ಬಿಚ್ಚಬೇಡಿ ಎಂದು ನನಗೆ ಹೇಳಿದರು. ಅವರು ಯಾವ ವಸ್ತುವನ್ನೂ ಪರಿಶೀಲಿಸದೆ ಒಳಗೆ ಸೇರಿಸಿದವರಲ್ಲ. ಮುಂದಿನ ಆಟದ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಬಿಚ್ಚಬೇಕಾದ ಕೈ ಮೈಸೂರಿಗೆ ಹೋಗಿಬಿಟ್ಟಿತು. ಆಮೇಲೆ ನಡೆದ ಎಲ್ಲ ದಾಸ್ತಾನು ಪರಿಶೀಲನೆಗಳಲ್ಲೂ ಗಂಟು ಇದೆ ಎಂದು ಗುರುತು ಹಾಕಿದೆವು. ಗಂಟು ಇತ್ತಲ್ಲ.

ಮಾರನೆಯ ವರ್ಷ ದೇಶನೂರಿನಲ್ಲಿ ಆಟ ಆಯಿತು. ಪ್ರತಿ ಕೇಳಲು ಯಾರೂ ಬರಲಿಲ್ಲ. ಈರಣ್ಣನೇ ಮಾಸ್ತರ, ಅವನ ಕೈಯಲ್ಲಿ ಪುಸ್ತಕ ಇತ್ತು ಎಂದು ಮಾರೆಪ್ಪ ಹೇಳಿದ. ಯಾವ ಪುಸ್ತಕ ಎಂದು ನಾನು ಕೇಳಲಿಲ್ಲ. ಈ ಕೆಲಸಕ್ಕೆ ಬರುವವರು ತಿಳಿದಿರಲಿ: ಗ್ರಂಥಾಲಯದಲ್ಲಿ ಒಂದು ಗಂಟನ್ನು ಬಿಚ್ಚಿದರೆ ಎಷ್ಟು ವರದಿ ಬರೆಯಬೇಕಾಗುತ್ತದೆ ಎಂಬುದನ್ನು ನಿಮ್ಮ ಪಠ್ಯದಲ್ಲಿ ಹೇಳಿಲ್ಲ.

ಹಂಪಮ್ಮ ಇನ್ನೊಂದು ಸಲ ಬಂದರು. ಬಳ್ಳಾರಿಯ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದವರು, ದಾರಿಯಲ್ಲಿ ನನ್ನನ್ನು ನೋಡಲು ಒಳಗೆ ಬಂದರು. ಚಪ್ಪಲಿ ಬಿಡಲಿಲ್ಲ. ಬೀರುವಿನ ಮುಂದೆಯೇ ಹಾದು ಬಂದರು, ಕೈಮುಗಿಯಲಿಲ್ಲ. ನನ್ನ ಮಕ್ಕಳ ಓದು ವಿಚಾರಿಸಿದರು, ನೀರು ಕುಡಿದರು. ಎದ್ದು ಹೊರಡುವಾಗ ನಾನೇ, ಅಮ್ಮಾ, ನಿಮ್ಮ ಗಂಟು ಭದ್ರವಾಗಿದೆ ಎಂದೆ.

ಅವರು ತಿರುಗಿ ಬೀರುವನ್ನು ನೋಡಿ, ಸ್ವಲ್ಪ ನಕ್ಕು, "ಅದನ್ನ ನೀವ ಇಟ್ಕಳ್ರಿ" ಎಂದರು.

ಇದನ್ನು ಸ್ಪಷ್ಟವಾಗಿ ಕೇಳಿದೆ. ಹತ್ತಿರದಲ್ಲಿ ಯಾವ ಜೀಪೂ ಇರಲಿಲ್ಲ. ಆದರೆ ಇದನ್ನು ಬರೆಯುವಾಗ, ಈ ಮಾತನ್ನು ನಾನು ಕುರುಗೋಡಿನ ಕಟ್ಟೆಯಿಂದ ಎತ್ತಿ ಇಲ್ಲಿಗೆ ತಂದಿಟ್ಟೆನೋ, ಇಲ್ಲಿಂದ ಎತ್ತಿ ಕಟ್ಟೆಗೆ ಒಯ್ದೆನೋ ಎಂದು ಅನುಮಾನವಾಗುತ್ತಿದೆ. ಹಂಪಮ್ಮ ಈಗಿಲ್ಲ, ಆಚಾರ್ ಇಲ್ಲ, ಖಾದರ್‌ಸಾಬರೂ ಇಲ್ಲ. ಗಂಟು ಇನ್ನೂ ಆ ಬೀರುವಿನಲ್ಲಿದೆ ಎಂದು ಈಚೆಗೆ ಅಲ್ಲಿ ಸೇರಿದ ಹುಡುಗಿ ಹೇಳಿದಳು, ಬಿಚ್ಚಲೇ ಸಾರ್ ಎಂದು ಕೇಳಿದಳು. ನಾನು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಳಗಿರುವುದು ಮಾಸ್ತರರ ಪ್ರತಿಯೋ, ಈರಣ್ಣ ಓದುವ ಕೋಣೆಯಲ್ಲಿ ಬರೆದ ನಕಲೋ ನನಗೆ ಗೊತ್ತಿಲ್ಲ. ಆ ಮೊದಲ ದಿನ ಹಂಪಮ್ಮ ಏನೆಂದರೋ, ಅದೂ ಗೊತ್ತಿಲ್ಲ.